ಸಾಕ್ಷಿ ಹೇಳುವುದು

ಸಾಕ್ಷಿ ಎಂದೊಡನೆ ನಮಗೆ ನೆನಪಾಗುವುದು ಕೋರ್ಟಿನ ಕಟಕಟೆ. ಜಪಾನಿನ ಕ್ರೈಸ್ತರು ಟೆಲಿವಿಷನ್ನಿನಲ್ಲಿ ಹೇಳುವ ತಮ್ಮ ಬಾಳಿನ ಕತೆಗೂ ‘ಅಕಾಶಿ’, ಎಂದರೆ ಸಾಕ್ಷಿ, ಎಂದೇ ಹೆಸರು. ರೋಗ, ಮುರಿದ ಸಂಸಾರ, ಆಮೇಲೆ ದೊರೆತ ನೆಮ್ಮದಿ: ಎಲ್ಲವೂ ಒಂದೇ ಅಚ್ಚಿನವೆಂದು ನನಗೂ ಅನಿಸಿದ್ದುಂಟು.

ಆದರೆ ಆ ದೇಶದ ಚರಿತ್ರೆ ನೆನೆದಾಗ ಮಾತು ಬೇರೆಯಾಗುತ್ತದೆ. 1614ರಲ್ಲಿ ಅಲ್ಲಿ ಕ್ರೈಸ್ತಮತಕ್ಕೆ ನಿಷೇಧ ಬಿತ್ತು. ಕ್ರಿಸ್ತನ ಚಿತ್ರ ತುಳಿಸಿ ಜನರನ್ನು ಪರೀಕ್ಷಿಸಿದರು. ಹಿಡಿದುಕೊಟ್ಟವರಿಗೆ ಬೆಳ್ಳಿಯ ಬಹುಮಾನವೆಂದು ಹಲಗೆ ನೆಟ್ಟರು. ನಿಷೇಧದ ಹಲಗೆಗಳು ಇಳಿದದ್ದು 1873ರಲ್ಲಿ. ಅಷ್ಟು ಕಾಲ ನಂಬಿಕೆ ತಂದೆಯಿಂದ ಮಗನಿಗೆ ಪಿಸುಮಾತಿನಲ್ಲೇ ಇಳಿದು ಬಂತು.

ಇಂದಿಗೂ ಅಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸು. ಹಾಗಿರುವಾಗ ಒಬ್ಬಾಕೆ ಹೆಸರು ಹೇಳಿ, ನೆರೆಹೊರೆಯೆಲ್ಲ ನೋಡುವಂತೆ ಮಾತನಾಡುತ್ತಾಳೆ. ಆ ಪಿಸುಮಾತನ್ನು ನೆನೆದು ಕೇಳಿದರೆ, ಅದೇ ಕತೆ ನನಗೆ ಹಳತೆನಿಸುವುದಿಲ್ಲ.