ಸೋರುವ ಗಾಡಿಯ ತವರೂರು

ಮನೆ ಸೋರಿದರೆ ನಾವೇನು ಮಾಡುತ್ತೇವೆ ಹೇಳಿ? ಹೆಂಚು ಕೈಯಾಡಿಸುತ್ತೇವೆ, ಗಾರೆಯವರಿಗೆ ಹೇಳಿಕಳಿಸುತ್ತೇವೆ, ಅವರು ಬರುವ ತನಕ ಕೆಳಗೊಂದು ಬಕೆಟ್ ಇಡುತ್ತೇವೆ. ಆದರೆ ಆ ಮನೆಗೆ ಚಕ್ರಗಳಿದ್ದು, ಅದನ್ನು ಕಟ್ಟಿದವರು ಎಲ್ಲೋ ದೂರದ ಊರಿನಲ್ಲಿದ್ದರೆ? ಆಗ ಗಾರೆಯವರನ್ನು ಮನೆಗೆ ಕರೆಸುವುದಲ್ಲ, ಮನೆಯನ್ನೇ ಗಾರೆಯವರ ಬಾಗಿಲಿಗೆ ಎಳೆದುಕೊಂಡು ಹೋಗಬೇಕು! ಅಂಥದೊಂದು ಪ್ರಯಾಣದಲ್ಲಿ ನಾನು ಕಂಡು ಬಂದ ಊರು ಎಲ್ಕಾರ್ಟ್. ಅಮೆರಿಕಕ್ಕೆ ಹೋದವರೆಲ್ಲ ನಯಾಗರ ನೋಡಿ ಬಂದು ನಿಮಗೆ ಕಥೆ ಹೇಳಿರುತ್ತಾರೆ. ಈ ಊರಿನ ಕಥೆಯನ್ನು ಯಾರೂ ಹೇಳಿರಲಾರರು, ಅದಕ್ಕೇ ನಾನು ಹೇಳುತ್ತೇನೆ.

ಮೊದಲು ಈ ಚಕ್ರದ ಮನೆ ಅಂದರೇನು ಅಂತ ತಿಳಿದುಕೊಳ್ಳಿ. ಅಲ್ಲಿ ಅದಕ್ಕೆ ಕ್ಯಾಂಪರ್ ಅನ್ನುತ್ತಾರೆ. ನನ್ನ ಮಗಳು ಅಳಿಯಂದಿರು ಡೆಟ್ರಾಯಿಟ್ ಹತ್ತಿರ ಇದ್ದಾರೆ. ಅವರು ಕೊಂಡದ್ದು ಕಾರಿನ ಹಿಂದೆ ಕಟ್ಟಿ ಎಳೆಯುವಂಥದ್ದು, ಉದ್ದ ಇಪ್ಪತ್ತನಾಲ್ಕು ಅಡಿ. ಒಳಗೆ ಕಾಲಿಟ್ಟರೆ ಮೂರು ಒಲೆಯ ಗ್ಯಾಸ್ ಸ್ಟೌವ್, ಪಾತ್ರೆ ತೊಳೆಯುವ ಸಿಂಕು, ಫ್ರಿಜ್ಜು, ಒಂದು ಮಂಚ, ಬಚ್ಚಲು, ಹಗಲು ಊಟದ ಮೇಜಾಗಿ ರಾತ್ರಿ ಹಾಸಿಗೆಯಾಗುವ ಬೆಂಚು. ನಮ್ಮ ತಿಪಟೂರಿನ ಅಡುಗೆಮನೆಗಿಂತ ಚಿಕ್ಕದು, ಆದರೆ ಕೈಗೆಟುಕದ ವಸ್ತುವೇ ಇಲ್ಲ. ಹೋಟೆಲಿನಲ್ಲಿ ನಮಗೆ ಊಟ ಸರಿಹೋಗುವುದಿಲ್ಲ, ಅಪ್ಪ ಅಮ್ಮ ಬಂದಾಗ ಅನ್ನ ಸಾರು ಮಾಡಿಕೊಂಡೇ ಊರೂರು ಸುತ್ತಬಹುದು ಅಂತ ಹುಡುಗಿ ಲೆಕ್ಕ ಹಾಕಿ, ಹತ್ತು ವರ್ಷದ ಸಾಲ ಮಾಡಿ ಕೊಂಡಿದ್ದಳು. ನಾವು ಹೋಗುವುದಕ್ಕೆ ಮೊದಲೇ ಪೂಜೆಯಾಗಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ಎಳೆಸಿದ ಚಿತ್ರವನ್ನೂ ಕಳಿಸಿದ್ದಳು.

ಈ ನಿಂಬೆಹಣ್ಣಿನ ವಿಷಯದಲ್ಲೊಂದು ತಮಾಷೆ ಕೇಳಿ. ನಮ್ಮಲ್ಲಿ ಹೊಸ ಗಾಡಿಗೆ ದೃಷ್ಟಿಯಾಗದಿರಲಿ ಅಂತ ನಿಂಬೆಹಣ್ಣು ಇಡುತ್ತೇವಲ್ಲ, ಆ ದೇಶದಲ್ಲಿ ಎಷ್ಟು ಸಲ ರಿಪೇರಿ ಮಾಡಿಸಿದರೂ ಸರಿಹೋಗದ ಹೊಸ ಗಾಡಿಗೇ 'ಲೆಮನ್' ಅಂತ ಹೆಸರು! ಅಂಥ ಗಾಡಿ ಕೊಂಡು ಮೋಸ ಹೋದವರನ್ನು ಕಾಪಾಡಲು 1982ರಲ್ಲಿ ಮೊದಲು ಕನೆಕ್ಟಿಕಟ್ ರಾಜ್ಯ ಕಾನೂನು ಮಾಡಿತು. ಅದಕ್ಕೆ 'ಲೆಮನ್ ಕಾನೂನು' ಎಂದೇ ಹೆಸರಾಯಿತು. ಆಮೇಲೆ ಬೇರೆ ರಾಜ್ಯಗಳೂ ಮಾಡಿದವು. ಆದರೆ ಎಷ್ಟೋ ರಾಜ್ಯಗಳಲ್ಲಿ ಅದು ಕಾರುಗಳಿಗೆ ಮಾತ್ರ, ಹಿಂದೆ ಕಟ್ಟಿ ಎಳೆಯುವ ಮನೆಗೆ ಅಲ್ಲ. ಹಾಗಾಗಿ ಇಂಥ ಗಾಡಿ ಕೊಂಡವರು ಹೆಚ್ಚಾಗಿ ನಂಬಬೇಕಾದದ್ದು ಕಂಪನಿ ಬರೆದುಕೊಟ್ಟ ವಾರಂಟಿ ಕಾಗದವನ್ನು. ಅಂಥ ಕಾಗದದ ಮಾತಿಗೆ ಬಲ ಕೊಡುವುದಕ್ಕೆ 1975ರಲ್ಲಿ ಆದ ಮ್ಯಾಗ್ನುಸನ್-ಮಾಸ್ ಎಂಬ ಕೇಂದ್ರ ಕಾಯಿದೆಯೂ ಇದೆ.

ಇನ್ನು ಸೋರಿದ ಕಥೆ. ಹಾಸಿಗೆಯ ತಲೆದೆಸೆಯ ಮೂಲೆಯಲ್ಲಿ ಗೋಡೆಗೆ ಅಂಟಿಸಿದ ಕಾಗದ ಉಬ್ಬಿಕೊಂಡಿತ್ತು. ಮಗಳು ಬೆರಳಿಟ್ಟು ಒತ್ತಿದರೆ ನೆಂದ ರಸ್ಕಿನ ಹಾಗೆ ಮೆತ್ತಗೆ! ಇಂಥ ಗಾಡಿಗಳಲ್ಲಿ ಬಹಳಷ್ಟಕ್ಕೆ ಗೋಡೆ ಅಂದರೆ ಇಟ್ಟಿಗೆಯಲ್ಲ, ಹೊರಗೊಂದು ತೆಳು ಫೈಬರ್ ಹಾಳೆ, ಅದರ ಹಿಂದೆ ತೆಳು ಪ್ಲೈವುಡ್, ನಡುವೆ ಥರ್ಮೋಕೋಲಿನಂಥ ಹಲಗೆ, ಎಲ್ಲ ಅಂಟಿನಿಂದ ಕೂಡಿಸಿದ್ದು. ಮೇಲಿನ ಸಂದಿಯಿಂದ ಒಂದು ಲೋಟ ನೀರು ಇಳಿದರೆ ಸಾಕು, ಅದು ಹೊರಗೆ ಬರುವುದಿಲ್ಲ, ಒಳಗೊಳಗೇ ಹರಡಿ ಮರ ಕೊಳೆಸುತ್ತದೆ, ಅಂಟು ಬಿಡಿಸುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ಬಹಳ ದಿನದ ಕೆಲಸ ಆಗಿಹೋಗಿರುತ್ತದೆ.

ಮಾರಿದ ಅಂಗಡಿಯವರು ಗಾಡಿಯನ್ನು ಏಳು ವಾರ ಇಟ್ಟುಕೊಂಡು, ಮೇಲೆ ಒಂದಿಷ್ಟು ಅಂಟು ಮೆತ್ತಿ ಕಳಿಸಿದರು. ಮುಂದಿನ ಮಳೆಗೆ ಮತ್ತೆ ಅದೇ ಮೂಲೆ ಒದ್ದೆ. ಅಷ್ಟು ಹೊತ್ತಿಗೆ ಒಂದು ವರ್ಷದ ವಾರಂಟಿ ಮುಗಿಯಲು ಎರಡೇ ವಾರ! ಅಳಿಯಂದಿರಂತೂ, "ಅತ್ತೆ, ಇದನ್ನ ಬಂದಷ್ಟಕ್ಕೆ ಮಾರಿಬಿಡೋಣ" ಅಂದುಬಿಟ್ಟರು. "ಸಾಲ ಹತ್ತು ವರ್ಷದ್ದು, ಗಾಡಿ ಒಂದು ವರ್ಷದ್ದಾ?" ಅಂತ ನನ್ನ ಮಗಳು ಕೇಳಿದಳು. ಕಾರ್ಖಾನೆಗೇ ನೇರ ಬರೆದಳು, ಬಿಡದೆ ಫೋನು ಮಾಡಿದಳು, ಆಗಸ್ಟ್ ಕೊನೆಯ ವಾರಕ್ಕೆ ದಿನ ಗೊತ್ತು ಮಾಡಿಸಿಕೊಂಡಳು. ಹೀಗೆ ನಾವು ಗಾಡಿಯನ್ನು ಅದರ ತವರಿಗೆ ಕರೆದುಕೊಂಡು ಹೊರಟೆವು.

ಡೆಟ್ರಾಯಿಟ್‌ನಿಂದ ಎಲ್ಕಾರ್ಟಿಗೆ ಗಾಡಿ ಎಳೆದುಕೊಂಡು ಸುಮಾರು ನಾಲ್ಕು ಗಂಟೆಯ ದಾರಿ. ಎರಡೂ ಕಡೆ ಆಳೆತ್ತರದ ಮುಸುಕಿನ ಜೋಳ, ಅದು ಮುಗಿದರೆ ಸೋಯಾ ಅವರೆ, ಅದು ಮುಗಿದರೆ ಮತ್ತೆ ಜೋಳ. ಊರು ದೊಡ್ಡದೇನಲ್ಲ, 2020ರ ಜನಗಣತಿಯಲ್ಲಿ ಐವತ್ತನಾಲ್ಕು ಸಾವಿರದ ಹತ್ತಿರ ಜನ. ಸೇಂಟ್ ಜೋಸೆಫ್ ಮತ್ತು ಎಲ್ಕಾರ್ಟ್ ಎಂಬ ಎರಡು ನದಿಗಳು ಊರಿನ ನಡುವೆಯೇ ಕೂಡುತ್ತವೆ. ಸಂಗಮದಲ್ಲೊಂದು ಪುಟ್ಟ ದ್ವೀಪ. ಅದು ಎಲ್ಕ್ ಎಂಬ ದೊಡ್ಡ ಕಡವೆಯ ಹೃದಯದ ಆಕಾರದಲ್ಲಿದೆ ಅಂತ ಊರಿಗೆ ಆ ಹೆಸರು ಬಂತೆಂದು ಹೇಳುತ್ತಾರೆ. ಸಂಗಮ ಕಂಡರೆ ನಮಗೆ ಕೈ ಮುಗಿಯುವ ಅಭ್ಯಾಸ. ಅಲ್ಲಿ ದೇವಸ್ಥಾನವಿಲ್ಲ, ಮರದ ನೆರಳಿನ ಒಂದು ಉದ್ಯಾನವಿದೆ, ಬಾತುಕೋಳಿಗಳಿವೆ. ಆದರೂ ಕೈ ಮುಗಿದೆ ಅನ್ನಿ.

ಈ ಊರು ಮೊದಲು ಹೆಸರು ಮಾಡಿದ್ದು ಬ್ಯಾಂಡ್ ವಾದ್ಯಗಳಿಗೆ. 1870ರ ದಶಕದಲ್ಲಿ ಸಿ. ಜಿ. ಕಾನ್ ಎಂಬುವರು ಇಲ್ಲಿ ಕಾರ್ನೆಟ್ ವಾದ್ಯ ಮಾಡಲು ಶುರು ಮಾಡಿದರು. ನೀರಿನಲ್ಲಿ ಬುಸುಗುಟ್ಟಿ ಕರಗುವ ಆಲ್ಕಾ-ಸೆಲ್ಟ್ಜರ್ ಮಾತ್ರೆ 1931ರಲ್ಲಿ ಹೊರಬಂದದ್ದೂ ಇಲ್ಲಿಂದಲೇ. ಅದೇ ದಶಕದಲ್ಲಿ ಚಕ್ರದ ಮನೆ ಕಟ್ಟುವ ಕೆಲಸ ಬೇರು ಬಿಟ್ಟಿತು. ಇವತ್ತು ಅಮೆರಿಕದಲ್ಲಿ ತಯಾರಾಗುವ ಇಂಥ ಗಾಡಿಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಈ ಊರು ಮತ್ತು ಸುತ್ತಮುತ್ತಲಿನವೇ ಅನ್ನುತ್ತಾರೆ. ಒಂದೇ ಕಸುಬನ್ನು ನಂಬಿದ ಊರಿನ ಪಾಡು ನಮಗೂ ಗೊತ್ತಲ್ಲ, ಕೊಬ್ಬರಿ ಬೆಲೆ ಬಿದ್ದರೆ ತಿಪಟೂರಿನ ಬಟ್ಟೆ ಅಂಗಡಿಯೂ ಖಾಲಿ ಹೊಡೆಯುತ್ತದೆ. 2009ರಲ್ಲಿ ಆರ್ಥಿಕ ಕುಸಿತ ಬಂದಾಗ ಜನ ಗಾಡಿ ಕೊಳ್ಳುವುದನ್ನು ನಿಲ್ಲಿಸಿದರು, ಇಲ್ಲಿ ದುಡಿಯುವ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಕೆಲಸವಿರಲಿಲ್ಲ. ಅಧ್ಯಕ್ಷ ಒಬಾಮಾ ಆ ವರ್ಷದ ಫೆಬ್ರವರಿಯಲ್ಲಿ ಬಂದು ಜನರ ಕಷ್ಟ ಕೇಳಿದರು. ಕೊರೋನಾ ಬಂದ ಮೇಲೆ ತಿರುಗುಮುರುಗಾಯಿತು. ಹೋಟೆಲು ವಿಮಾನ ಬೇಡವೆಂದು ಎಲ್ಲರೂ ಗಾಡಿಗೆ ಮುಗಿಬಿದ್ದರು. 2021ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಹೊರಟ ಗಾಡಿಗಳು ಆರು ಲಕ್ಷ!

ನಾವು ತಲುಪಿದಾಗ ಸಂಜೆ. ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಆಗಲೇ ಹತ್ತು ಹನ್ನೆರಡು ಗಾಡಿಗಳು ಸಾಲಾಗಿ ನಿಂತಿದ್ದವು. ರಿಪೇರಿಗೆ ಬಂದವರು ರಾತ್ರಿ ತಮ್ಮ ಗಾಡಿಯಲ್ಲೇ ಮಲಗಬೇಕು. ನೀರು, ಕರೆಂಟು ಕಂಪನಿಯವರದೇ. ಆಸ್ಪತ್ರೆಯ ವರಾಂಡದ ಹಾಗೆ ಅಲ್ಲಿ ಎಲ್ಲರಿಗೂ ಎಲ್ಲರ ಕಾಯಿಲೆ ಗೊತ್ತು. "ನಿಮ್ಮದೇನು?" "ನೆಲ ಮೆತ್ತಗಾಗಿದೆ. ನಿಮ್ಮದು?" "ಬಾಗಿಲು ಹಾಕೋಕೆ ಬರಲ್ಲ." ನಾನು ಸಾಸಿವೆ ಕರಿಬೇವಿನ ಒಗ್ಗರಣೆ ಹಾಕಿದೆ ನೋಡಿ, ಪಕ್ಕದ ಗಾಡಿಯ ವಯಸ್ಸಾದ ದಂಪತಿಗಳು ವಾಸನೆ ಹಿಡಿದು ಬಂದೇಬಿಟ್ಟರು! ಚಿತ್ರಾನ್ನ ಹಾಕಿಕೊಟ್ಟೆ. ಆಯಮ್ಮ ಸೇಬಿನ ಹಲ್ವದಂಥ ಆಪಲ್ ಬಟರ್ ಒಂದು ಸೀಸೆ ಕೊಟ್ಟರು. ಅವರೇ ಮಗಳಿಗೆ ಎಚ್ಚರಿಕೆ ಹೇಳಿದ್ದು: "ಮೇಲಿನ ಅಂಟನ್ನ ನೀವು ನೋಡಿಕೊಂಡಿಲ್ಲ ಅಂತ ನಿಮ್ಮ ಮೇಲೇ ಹಾಕ್ತಾರೆ, ಹುಷಾರು."

ಇಲ್ಲಿನ ಕಾರ್ಖಾನೆಗಳಲ್ಲಿ ಕೆಲಸ ಬಹಳ ಬೇಗ ಶುರುವಾಗಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಬೆಳಗಿನ ಜಾವ ಐದೂವರೆಗೆ, ಇನ್ನೂ ಕತ್ತಲಿರುವಾಗಲೇ, ಒಬ್ಬಾತ ಟ್ರ್ಯಾಕ್ಟರಿನಂಥದ್ದನ್ನು ತಂದು ನಮ್ಮ ಮನೆಯನ್ನು ಎಳೆದುಕೊಂಡು ಹೋದ. ಕೈಯಲ್ಲಿ ಕಾಫಿ ಫ್ಲಾಸ್ಕು ಹಿಡಿದು ನಾವು ಅಂಗಳದಲ್ಲಿ ನಿಂತೆವು.

ಸೋರುವ ಜಾಗ ಹುಡುಕುವ ರೀತಿ ನಿಮಗೂ ಇಷ್ಟವಾಗುತ್ತದೆ. ಗಾಡಿಯ ಕಿಟಕಿ ಬಾಗಿಲು ಮುಚ್ಚಿ, ಛಾವಣಿಯ ಕಿಂಡಿಗೆ ದೊಡ್ಡ ಫ್ಯಾನು ಕೂರಿಸಿ ಒಳಗೆ ಗಾಳಿ ತುಂಬುತ್ತಾರೆ. ಆಮೇಲೆ ಹೊರಗೆಲ್ಲ ಸೋಪಿನ ನೀರು ಚಿಮುಕಿಸುತ್ತಾರೆ. ಎಲ್ಲಿ ಗುಳ್ಳೆ ಎದ್ದಿತೋ ಅಲ್ಲಿ ತೂತು! ನಮ್ಮ ಸೈಕಲ್ ಶಾಪಿನವನು ಟ್ಯೂಬನ್ನು ಬೋಗುಣಿಯಲ್ಲಿ ಅದ್ದಿ ಪಂಕ್ಚರ್ ನೋಡುತ್ತಾನಲ್ಲ, ಹಾಗೆಯೇ. ಮೂಲೆಗೆ ಹೊಡೆದ ಅಲ್ಯೂಮಿನಿಯಂ ಪಟ್ಟಿಯ ಹತ್ತಿರ ನೊರೆನೊರೆಯಾಗಿ ಗುಳ್ಳೆ ಬಂತಂತೆ.

ಕೆಲಸ ಎರಡು ದಿನ ಎಂದರು. ಅಷ್ಟರಲ್ಲಿ ಊರು ನೋಡಿದೆವು. ಹೆದ್ದಾರಿಯ ಪಕ್ಕದಲ್ಲೇ ಈ ಗಾಡಿಗಳ ಮ್ಯೂಸಿಯಂ ಇದೆ. 1913ರಲ್ಲಿ ಮಾಡಿದ ಪುಟ್ಟ ಟ್ರೇಲರ್ ಅಲ್ಲಿದೆ. 1931ರಲ್ಲಿ ಹಾಲಿವುಡ್ ನಟಿ ಮೇ ವೆಸ್ಟ್‌ಗಾಗಿ ತಯಾರಾದ ಮನೆಗಾಡಿಯೂ ಇದೆ. ಬೇಸಿಗೆಯಲ್ಲಿ ಊರೂರಿನಲ್ಲಿ ಸಾವಿರಾರು ಹೂಗಿಡಗಳನ್ನು ಕ್ವಿಲ್ಟ್ ವಿನ್ಯಾಸದಲ್ಲಿ ನೆಟ್ಟ ತೋಟಗಳಿವೆ. ಕ್ವಿಲ್ಟ್ ಅಂದರೆ ನಮ್ಮ ಕೌದಿಯೇ. ಹಳೇ ಸೀರೆ ತುಂಡು ಜೋಡಿಸಿ ಹೊಲಿಯುವ ಉತ್ತರ ಕರ್ನಾಟಕದ ಅಜ್ಜಿಯರು ಇದನ್ನು ನೋಡಿದ್ದರೆ, ನೆಲಕ್ಕೂ ಕೌದಿ ಹೊದಿಸ್ತಾರಾ ಅಂತ ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಪೂರ್ವಕ್ಕೆ ಶಿಪ್ಶೆವಾನ ಎಂಬ ಹಳ್ಳಿ. ಬೇಸಿಗೆಯಲ್ಲಿ ಮಂಗಳವಾರ ಬುಧವಾರ ಅಲ್ಲಿ ದೊಡ್ಡ ಸಂತೆ. ಆ ಕಡೆಯೆಲ್ಲ ಆಮಿಶ್ ಜನ. ಅವರು ಸ್ವಂತ ಕಾರು ಇಟ್ಟುಕೊಳ್ಳುವುದಿಲ್ಲ, ಕುದುರೆ ಗಾಡಿ, ಸೈಕಲ್ಲು. ಹೆಂಗಸರು ತಲೆಗೆ ಬಿಳಿ ಟೋಪಿ, ಮೈತುಂಬ ಬಟ್ಟೆ. ಸೋಮವಾರ ಬಂತೆಂದರೆ ಅಂಗಳದ ಹಗ್ಗದ ತುಂಬ ಒಗೆದ ಬಟ್ಟೆ ಸಾಲಾಗಿ ಹಾರಾಡುತ್ತದೆ. ಎಷ್ಟು ನಮ್ಮೂರ ನೆನಪು ತಂದಿತು ಅಂತೀರಿ! ವಿಚಿತ್ರವೆಂದರೆ, ಮೋಟಾರು ಮುಟ್ಟದ ಈ ಮನೆಗಳ ಗಂಡಸರೇ ಬಹಳ ಮಂದಿ ಗಾಡಿ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು. ಮರದ ಕೆಲಸದಲ್ಲಿ ಅವರ ಕೈ ಪಳಗಿದ್ದು.

ಎರಡನೆಯ ದಿನ ಕಾರ್ಖಾನೆಯ ಕಚೇರಿಗೆ ಕರೆದರು. ಪಟ್ಟಿ ಬಿಚ್ಚಿ ನೋಡಿದರೆ ಅದರ ಹಿಂದೆ ಇರಬೇಕಾದ ಅಂಟಿನ ಟೇಪು ನಾಲ್ಕು ಬೆರಳಷ್ಟು ಜಾಗದಲ್ಲಿ ಇರಲೇ ಇಲ್ಲ. ಆದರೂ ಮೇಜಿನ ಹಿಂದಿದ್ದ ಮೇಲ್ವಿಚಾರಕಿ, "ಟೇಪಿನ ಕೆಲಸ ನಮ್ಮದು. ಕೊಳೆತ ಗೋಡೆ ಮಾತ್ರ ನಿಮ್ಮದು. ಮೇಲಿನ ಅಂಟನ್ನು ಆಗಾಗ ಪರೀಕ್ಷೆ ಮಾಡಬೇಕು ಅಂತ ಕಾಗದದಲ್ಲೇ ಇದೆ" ಅಂದರು. ನಾಲ್ಕು ಸಾವಿರ ಡಾಲರಿನ ಮೇಲಿನ ಮಾತು! ಅಳಿಯಂದಿರ ಮುಖ ಸಪ್ಪಗಾಯಿತು.

ನನ್ನ ಮಗಳು ಜಗಳವಾಡಲಿಲ್ಲ. ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು, ನಮ್ಮ ಹಾಲಿನ ಲೆಕ್ಕದ ಪುಸ್ತಕದಂಥದ್ದು. ಯಾವ ತಿಂಗಳು ಯಾವ ತಾರೀಖು ಮೇಲೆ ಹತ್ತಿ ನೋಡಿದರು, ಅಂದಿನ ಫೋಟೋ ಯಾವುದು, ಅಂಗಡಿಗೆ ಯಾವತ್ತು ಬಿಟ್ಟರು, ಯಾರು ಏನು ಹೇಳಿದರು, ಎರಡನೇ ಸಲ ಸೋರಿದ್ದನ್ನು ಯಾವ ದಿನ ಬರೆದು ತಿಳಿಸಿದರು, ಎಲ್ಲಾ ಇತ್ತು. ಆಕೆ ಒಂದೊಂದೇ ಪುಟ ತಿರುವಿದರು. ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. "ಗೋಡೆಯನ್ನೂ ನಾವೇ ಮಾಡಿಕೊಡುತ್ತೇವೆ" ಅಂದರು. ಎರಡು ದಿನದ ಕೆಲಸ ನಾಲ್ಕು ದಿನವಾಯಿತು, ದುಡ್ಡು ಮಾತ್ರ ಒಂದು ಕಾಸೂ ಇಲ್ಲ. ಹೊರಡುವ ಮುಂಚೆ ಮತ್ತೊಮ್ಮೆ ಗಾಳಿ ತುಂಬಿಸಿ ಸೋಪಿನ ನೀರು ಹಾಕಿಸಿದಳು ಹುಡುಗಿ. ಗುಳ್ಳೆ ಏಳಲಿಲ್ಲ.

ನಮಗೆಲ್ಲಿಯ ಕ್ಯಾಂಪರ್ ಅನ್ನಬೇಡಿ. ಮಿಕ್ಸಿಯಿದೆ, ಗ್ರೈಂಡರಿದೆ, ಫ್ರಿಜ್ಜಿದೆ. ಕೊಂಡ ದಿನವೇ ವಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ, ತಾರೀಖು ಹಾಕಿಸಿ, ಬಿಲ್ಲಿನೊಂದಿಗೆ ಒಂದೇ ಲಕೋಟೆಯಲ್ಲಿಡಿ. ಬಿಲ್ಲಿನ ಅಕ್ಷರ ಕೆಲವು ತಿಂಗಳಲ್ಲೇ ಮಾಸುತ್ತದೆ, ಒಂದು ಫೋಟೋ ತೆಗೆದಿಡಿ. ಕೆಟ್ಟರೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ, ಅವಧಿ ಮುಗಿಯುವ ಮುನ್ನ ಬರಹದಲ್ಲಿ ತಿಳಿಸಿ. ರಿಪೇರಿಗೆ ಕೊಟ್ಟಾಗ ಚೀಟಿ ಕೇಳಿ ಪಡೆಯಿರಿ. ಒಂದೇ ದೋಷ ಎಷ್ಟು ಸಲ ಬಂತೆಂದು ಆ ಚೀಟಿಗಳೇ ಸಾಕ್ಷಿ ಹೇಳುತ್ತವೆ.

ನಮ್ಮ ದೇಶದಲ್ಲೂ 1986ರಿಂದ ಗ್ರಾಹಕರಿಗೆ ಕಾಯಿದೆಯ ಆಸರೆ ಇದೆ. ಅದರ ಜಾಗದಲ್ಲಿ ಬಂದ 2019ರ ಹೊಸ ಕಾಯಿದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅಂಗಡಿಯವರೂ ಕಂಪನಿಯವರೂ ಕಿವಿಗೆ ಹಾಕಿಕೊಳ್ಳದಿದ್ದರೆ 1915ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ ಐದು ಲಕ್ಷದ ತನಕ ಇದ್ದರೆ ಶುಲ್ಕವೂ ಇಲ್ಲ. ಹಾಲಿನವನ ಲೆಕ್ಕ, ದಿನಸಿಯ ಲೆಕ್ಕ ದಿನಾ ಬರೆದಿಡುವ ಕೈ ನಮ್ಮದು. ಅದೇ ಪುಸ್ತಕದ ಹಿಂದಿನ ಎರಡು ಪುಟ ಇದಕ್ಕೂ ಬಿಡಿ.