ಹಿತ್ತಲ ಕಾಫಿ ಗಿಡ

ನೀಲಗಿರಿಯೆಂದರೆ ಹೊರಗಿನವರ ಕಣ್ಣಿಗೆ ಚಹಾದ ನಾಡು. ಉದಕಮಂಡಲಕ್ಕೆ ಬಂದವರು ಚಹಾ ತೋಟಗಳ ಹಸಿರನ್ನು ಕಂಡು ತಣಿದು, ಒಂದು ಪೊಟ್ಟಣ ಚಹಾಪುಡಿ ಕೊಂಡು ಬೆಟ್ಟ ಇಳಿಯುವರು. ಆದರೆ ಚಹಾ ಈ ಪರಿ ಹಬ್ಬುವ ಮುನ್ನ ಇಲ್ಲಿಯ ಇಳಿಜಾರುಗಳಲ್ಲಿ ಮೆರೆದದ್ದು ಕಾಫಿ. ಇಂದಿಗೂ ಗೂಡಲೂರು, ಪಂದಲೂರುಗಳ ಕಡೆ ಮನೆಯ ಹಿತ್ತಲಿನಲ್ಲಿ ನಾಲ್ಕು ಕಾಫಿ ಗಿಡಗಳಿರುವುದು ಸಾಮಾನ್ಯ. ಗೂಡಲೂರಿನ ನಮ್ಮ ಹಿತ್ತಲಿನಲ್ಲಿ ಹನ್ನೊಂದು ಗಿಡಗಳಿವೆ. ಮುಖ್ಯೋಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ ನಾವು ಕಲಿತದ್ದರಲ್ಲಿ ಬಹುಪಾಲು ಅವುಗಳ ಬುಡದಲ್ಲಿ ಕುಳಿತು ಕಲಿತದ್ದು. ಅದನ್ನು ಸಂಘದ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಬರೆಹದ ಉದ್ದೇಶ.

ಬಾಬಾ ಬುಡನ್ ಎಂಬ ಸಂತರು 17ನೆಯ ಶತಮಾನದಲ್ಲಿ ಯೆಮೆನ್ ದೇಶದ ಮೋಕಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಕನ್ನಡಿಗರೆಲ್ಲರೂ ಬಲ್ಲ ಪ್ರತೀತಿ. ನಮ್ಮ ಕಡೆ ಜೇಮ್ಸ್ ಆಕ್ಟರ್ಲೋನಿ ಎಂಬವರು 1845ರಲ್ಲಿ ಗೂಡಲೂರಿಗೆ ಸಮೀಪದ ಕಣಿವೆಯೊಂದರಲ್ಲಿ ಕಾಫಿ ತೋಟವನ್ನು ಆರಂಭಿಸಿದರು. ಅವರ ಹೆಸರು ಜನರ ನಾಲಗೆಯ ಮೇಲೆ ಸವೆದು ಸವೆದು ಇಂದು ಆ ಊರು ‘ಓವ್ಯಾಲಿ’ ಎನಿಸಿಕೊಂಡಿದೆ. ಮುಂದೆ 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗವು ದಕ್ಷಿಣ ಭಾರತಕ್ಕೂ ಹಬ್ಬಿತು. ಕಾಂಡಕೊರಕ ಹುಳುವೂ ಅದಕ್ಕೆ ಜೊತೆಯಾಯಿತು. ಹಲವು ತೋಟಗಳು ಪಾಳುಬಿದ್ದವು, ಕೆಲವು ಚಹಾಕ್ಕೆ ತಿರುಗಿದವು. ಉಳಿದ ಕಾಫಿ ಬಹುಮಟ್ಟಿಗೆ ಸಣ್ಣ ಹಿಡುವಳಿದಾರರ ಕೈಯಲ್ಲಿಯೂ ನಮ್ಮಂಥವರ ಹಿತ್ತಲುಗಳಲ್ಲಿಯೂ ಉಳಿದುಕೊಂಡಿತು.

ಈ ಗಿಡದಲ್ಲಿ ಉಪಯೋಗಕ್ಕೆ ಬಾರದ ಭಾಗವೇ ಇಲ್ಲ. ಯೆಮೆನ್ ದೇಶದವರು ಒಣಗಿದ ಸಿಪ್ಪೆಯನ್ನು ಶುಂಠಿಯೊಡನೆ ಕುದಿಸಿ ಕುಡಿಯುತ್ತಾರೆ. ಇಥಿಯೋಪಿಯದಲ್ಲಿ ಎಲೆಯ ಕಷಾಯವೂ ರೂಢಿಯಲ್ಲಿದೆ. ನಮ್ಮಲ್ಲಿ ಹಾಲು ದುರ್ಲಭವಾಗಿದ್ದ ಕಾಲದಲ್ಲಿ ಬೆಲ್ಲದ ಕಾಫಿಯೇ ಎಲ್ಲರ ಮನೆಯ ಕಾಫಿ. ನೆಗಡಿಯಾದಾಗ ಅದಕ್ಕೆ ಒಣಶುಂಠಿ, ಮೆಣಸು ಕುಟ್ಟಿ ಹಾಕುವರು. ನೆರೆಯ ತಮಿಳರು ಅದನ್ನು ‘ಸುಕ್ಕು ಕಾಪಿ’ ಎಂದೂ ಮಲೆಯಾಳಿಗಳು ‘ಚುಕ್ಕು ಕಾಪ್ಪಿ’ ಎಂದೂ ಕರೆಯುವರು. ಸಿಪ್ಪೆ ಕೊಳೆತರೆ ಒಳ್ಳೆಯ ಗೊಬ್ಬರ. ಸೋಸಿದ ಗಸಿ ನಮ್ಮ ಮನೆಯಾಕೆಯ ಗುಲಾಬಿ ಗಿಡಗಳಿಗೆ ಮೀಸಲು. ಕಾಂಡದ ಮರ ಗಟ್ಟಿ, ನುಣುಪು. ಕತ್ತಿಯ ಹಿಡಿಗೂ ಊರುಗೋಲಿಗೂ ಹೇಳಿಮಾಡಿಸಿದಂಥದು. ನಾವೀಗ ಊರಿಕೊಂಡು ನಡೆಯುವ ಕೋಲು ಗಾಳಿಗೆ ಬಿದ್ದ ನಮ್ಮದೇ ಹಳೆಯ ಗಿಡದ್ದು.

ಮನೆಯಲ್ಲಿ ಬೆಳೆಸಬಯಸುವವರು ಮೊದಲು ತಮ್ಮ ನೆಲದ ಎತ್ತರವನ್ನು ವಿಚಾರಿಸಬೇಕು. ಅರೇಬಿಕಾಕ್ಕೆ ಸುಮಾರು 1,000ದಿಂದ 1,500 ಮೀಟರ್ ಎತ್ತರ ಹಿತ. ರೊಬಸ್ಟಾಕ್ಕೆ ಅದಕ್ಕಿಂತ ಕೆಳಗಿನ ನೆಲ. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಇಬ್ಬನಿಯೇ ಹೆಪ್ಪುಗಟ್ಟುವ ಚಳಿಗೆ ಗಿಡ ಸುಟ್ಟುಹೋಗುತ್ತದೆ. ಮಸಿನಗುಡಿಯ ಎತ್ತರ ಸರಿಯಾದರೂ ಅದು ಮಳೆಮರೆಯ ಪ್ರದೇಶ. ಅಲ್ಲಿಯವರು ನೆರಳು, ನೀರು ಎರಡನ್ನೂ ಒದಗಿಸಬೇಕು. ಮತ್ತೊಂದು ಸಂಗತಿ: ಅರೇಬಿಕಾ ಒಂಟಿಯಾಗಿದ್ದರೂ ಕಾಯಿಬಿಡುತ್ತದೆ. ರೊಬಸ್ಟಾ ತನ್ನ ಪರಾಗದಿಂದ ತಾನೇ ಫಲಿಸದು. ಗಾಳಿಯೂ ಜೇನೂ ನೆರೆಯ ಗಿಡದ ಪರಾಗವನ್ನು ತಂದುಕೊಡಬೇಕು. ಹಾಗಾಗಿ ರೊಬಸ್ಟಾ ನೆಡುವವರು ಒಂದೇ ಗಿಡ ನೆಡಬಾರದು.

ಬೀಜವನ್ನು ಆರೋಗ್ಯವಂತ ಗಿಡದ ಪಕ್ವವಾದ ಹಣ್ಣಿನಿಂದ ಆಯ್ದುಕೊಳ್ಳಬೇಕು. ಸಿಪ್ಪೆ ಬಿಡಿಸಿ ನೀರಿಗೆ ಹಾಕಿದರೆ ಜೊಳ್ಳು ತೇಲುತ್ತದೆ. ಮುಳುಗಿದ್ದನ್ನು ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಆರಿಸಿ, ಚಪ್ಪಟೆ ಭಾಗ ಕೆಳಗಾಗುವಂತೆ ಮರಳುಪಾತಿಯಲ್ಲಿ ಊರಿ ಹುಲ್ಲು ಹೊದಿಸಬೇಕು. ತಡಮಾಡಿದರೆ ಬೀಜ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸುಮಾರು 45 ದಿನಗಳಲ್ಲಿ ಮೊಳಕೆ ಬೀಜವನ್ನೇ ತಲೆಯ ಮೇಲೆ ಹೊತ್ತು ಏಳುತ್ತದೆ. ತೋಟದವರು ಇದಕ್ಕೆ ‘ಟೋಪಿ’ ಎಂದು ಹೆಸರಿಟ್ಟಿದ್ದಾರೆ. ಬೆಳಗಿನ ಪ್ರಾರ್ಥನೆಗೆ ಸಾಲುನಿಂತ ಒಂದನೆಯ ತರಗತಿಯ ಮಕ್ಕಳಂತೆ ಅವು ನಮಗೆ ಕಾಣುತ್ತವೆ. ಆಗ ಅವನ್ನು ಆರು ಪಾಲು ಕಾಡುಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಮರಳು ಬೆರೆಸಿದ ಚೀಲಕ್ಕೆ ವರ್ಗಾಯಿಸಿ, ಮುಂಗಾರು ಹಿಡಿದ ಮೇಲೆ ಒಂದೂವರೆ ಅಡಿ ಆಳದ ಗುಂಡಿಯಲ್ಲಿ ನೆಡುವುದು. ಮೂರು ನಾಲ್ಕು ವರ್ಷಗಳಲ್ಲಿ ಫಲ ಆರಂಭ. ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆ ಬಿದ್ದು ವಾರ ಹತ್ತು ದಿನಗಳಲ್ಲಿ ಗಿಡವೆಲ್ಲ ಬಿಳಿದಾಗಿ, ಮಲ್ಲಿಗೆಯನ್ನು ಹೋಲುವ ಪರಿಮಳ ಕೇರಿಯನ್ನೆಲ್ಲ ತುಂಬುತ್ತದೆ.

ಇಷ್ಟನ್ನು ಯಾರಾದರೂ ಮಾಡಬಲ್ಲರು. ಕಷ್ಟವಿರುವುದು ಕೊಯ್ಲಿನಲ್ಲಿ. ಅರೇಬಿಕಾದ ಸುಮಾರು ಆರು ಕಿಲೋ ಹಣ್ಣು ಒಣಗಿ, ಸಿಪ್ಪೆ ಕಳಚಿದಾಗ ಒಂದು ಕಿಲೋ ಬೀಜ ದಕ್ಕುತ್ತದೆ. ಹುರಿದರೆ ಅದೂ ಇಳಿಯುತ್ತದೆ. ಅಂಗಡಿಯ ಪುಡಿ ಸುಲಭವಾಗಿ ಸಿಗುವಾಗ ಇಷ್ಟು ಶ್ರಮ ಏತಕ್ಕೆಂದು ಹಲವರು ಹಣ್ಣನ್ನು ಗಿಡದಲ್ಲೇ ಬಿಟ್ಟುಬಿಡುತ್ತಾರೆ. ಅಲ್ಲಿಂದ ಅದು ಅವರೊಬ್ಬರ ಸಂಗತಿಯಾಗಿ ಉಳಿಯುವುದಿಲ್ಲ.

ಕಾಫಿಯ ಕಾಯಿಕೊರಕ ಹುಳು ಭಾರತದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡದ್ದು ನಮ್ಮ ಗೂಡಲೂರಿನಲ್ಲಿಯೇ, 1990ರಲ್ಲಿ. ಎಳ್ಳಿಗಿಂತಲೂ ಚಿಕ್ಕದಾದ ಕಪ್ಪು ದುಂಬಿ ಅದು. ಹೆಣ್ಣು ಹುಳು ಕಾಯಿಯ ತುದಿಯಲ್ಲಿ ರಂಧ್ರ ಕೊರೆದು ಒಳಹೊಕ್ಕು, ಬೀಜದೊಳಗೇ ಮೊಟ್ಟೆಯಿಡುತ್ತದೆ. ಮರಿಗಳು ಬೀಜವನ್ನೇ ತಿಂದು ಬೆಳೆಯುತ್ತವೆ. ಕೊಯ್ಲು ಮುಗಿದ ತಿಂಗಳುಗಳಲ್ಲಿ ಅದು ಬದುಕುಳಿಯುವುದು ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಹಣ್ಣುಗಳೊಳಗೆ. ಆದುದರಿಂದ ಒಂದು ಹಣ್ಣನ್ನೂ ಉಳಿಸದೆ ಕೊಯ್ದು, ಉದುರಿದ್ದನ್ನು ಆಯ್ದು, ಹುಳು ಹೊಕ್ಕದ್ದನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯುವುದೇ ಇದಕ್ಕೆ ಮುಖ್ಯ ಪರಿಹಾರ.

ನಮ್ಮ ಕೇರಿಯ ಕೊನೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಅರ್ಧ ಎಕರೆ ತೋಟವಿದೆ. ಮಗಳ ಓದಿನ ವೆಚ್ಚ ನಡೆಯುವುದು ಅದರಿಂದಲೇ. ಕೆಲವು ವರ್ಷಗಳ ಹಿಂದೆ ಅವನು ತೂತುಬಿದ್ದ ಕಾಯಿಗಳನ್ನು ಅಂಗೈಯಲ್ಲಿ ತಂದು ತೋರಿಸಿ, “ನನ್ನ ತೋಟ ಚೊಕ್ಕಟವಾಗಿದೆ ಮೇಷ್ಟ್ರೇ, ಬೇಲಿಯಾಚೆಯದು ನನ್ನ ಕೈಯಲ್ಲಿಲ್ಲ” ಎಂದನು. ಬೇಲಿಯಾಚೆ ಇದ್ದದ್ದು ಬೀಗ ಹಾಕಿದ ಮನೆ. ಮಕ್ಕಳು ಕೊಯಮತ್ತೂರು ಸೇರಿದ ಮೇಲೆ ಹಿರಿಯರೂ ಅಲ್ಲಿಗೇ ಹೋಗಿದ್ದರು. ಹಿತ್ತಲಿನ ಗಿಡಗಳಲ್ಲಿ ಎರಡು ವರ್ಷದ ಹಣ್ಣು ಕಪ್ಪಾಗಿ ಒಣಗಿತ್ತು. ನಾವು ದೂರವಾಣಿಯಲ್ಲಿ ಕೇಳಿದಾಗ, “ಆರು ಗಿಡ ತಾನೆ ಸಾರ್, ಹಕ್ಕಿಗಳು ತಿನ್ನಲಿ” ಎಂದರು. ಅವರಿಗೆ ವಿಷಯ ತಿಳಿದಿರಲಿಲ್ಲ, ತಿಳಿಸಿದೊಡನೆ ಒಪ್ಪಿದರು. ಒಂದು ಭಾನುವಾರ ನಾವು, ಆ ಶಿಷ್ಯ, ಅವನ ಮಗಳು ಸೇರಿ ಅರ್ಧ ಮೂಟೆ ಒಣಹಣ್ಣು ಕಿತ್ತು, ಕುದಿನೀರು ಹುಯ್ದು ಹೂತೆವು. ಆಮೇಲೆ ಬೇರೆ ಮನೆಯವರೂ ಕೇಳಿಕೊಂಡರು. ಈಗ ಐದು ಗೇಟುಗಳ ಬೀಗದ ಕೈ ನಮ್ಮ ಗೋಡೆಯ ಮೊಳೆಯಲ್ಲಿ ತೂಗುತ್ತಿವೆ.

ನಮಗೆ ಎಪ್ಪತ್ತಾರು ತುಂಬಿದೆ. ಮಂಡಿ ಮೊದಲಿನಂತೆ ಬಾಗದು. ನಮ್ಮ ಮಗನೂ ಬೆಂಗಳೂರಿನಲ್ಲಿದ್ದಾನೆ. ನಾಳೆ ನಮ್ಮ ಗೇಟಿಗೂ ಬೀಗ ಬೀಳುವುದು ಅಸಂಭವವೇನಲ್ಲ. ಕಳೆದ ಜನವರಿಯಲ್ಲಿ ಅವನಿಗೆ ನೇರವಾಗಿಯೇ ಹೇಳಿದೆವು: ಕೊಯ್ಯಲು ಬರುವುದಾದರೆ ಗಿಡಗಳಿರಲಿ, ಬರಲಾಗದಿದ್ದರೆ ಬೀಗದ ಕೈಯನ್ನು ನೆರೆಯವರಿಗೆ ಕೊಡು, ಅದೂ ಆಗದಿದ್ದರೆ ಗಿಡಗಳನ್ನು ಕಡಿಸಿಬಿಡು. ಕೈಯಾರೆ ನೆಟ್ಟವರ ಬಾಯಲ್ಲಿ ಇದು ಕಠಿಣವಾದ ಮಾತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವ ವಾರ ರಜೆ ಹಾಕಬೇಕೆಂದು ಕೇಳಿದನು.

ಊರು ಬಿಟ್ಟು ನಗರ ಸೇರಿರುವ ಸಂಘದ ಬಂಧುಗಳಲ್ಲಿ ನಮ್ಮ ವಿನಂತಿಯೂ ಇಷ್ಟೆ. ನಿಮ್ಮ ತೌರಿನ ಹಿತ್ತಲಿನಲ್ಲಿ ಕಾಫಿ ಗಿಡಗಳಿದ್ದರೆ ಈ ಬಾರಿಯ ಕೊಯ್ಲಿಗೆ ಮುಂಚೆ ಪಕ್ಕದ ಮನೆಗೆ ಒಂದು ಕರೆ ಮಾಡಿರಿ. ಹಣ್ಣನ್ನು ಅವರೇ ಇಟ್ಟುಕೊಳ್ಳಲಿ.