ತೌಡು ಕೊಟ್ಟು ಕೊಂಡ ಹೆಸರು

ನಮ್ಮ ಅಜ್ಜನನ್ನು ಅವರವ್ವ ಒಂದು ಮೊರ ತೌಡು ಕೊಟ್ಟು ಕೊಂಡುಕೊಂಡಿದ್ದಳು.

ಅವನಿಗಿಂತ ಮೊದಲು ಹುಟ್ಟಿದ ಮೂರೂ ನಿಂತಿರಲಿಲ್ಲ. ನಮ್ಮ ಕಡೆ ಕೂಸು ಸತ್ತಿತು ಅನ್ನುವುದಿಲ್ಲ, ನಿಲ್ಲಲಿಲ್ಲ ಅನ್ನುತ್ತಾರೆ. ನಾಲ್ಕನೆಯದು ಹುಟ್ಟಿದಾಗ ಸೂಲಗಿತ್ತಿ ಹೊಕ್ಕುಳಬಳ್ಳಿ ಕೊಯ್ದವಳೇ ಕೂಸನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಮೊರದಲ್ಲಿ ಮಲಗಿಸಿಕೊಂಡು, ಹಿತ್ತಲ ಬಾಗಿಲಿನಿಂದ ತಿಪ್ಪೆಗೆ ಹೋದಳಂತೆ. ಅಲ್ಲಿಟ್ಟು, ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆದು, ಮತ್ತೆ ಹಿಂದಕ್ಕೆ ಹೋಗಿ, ‘ಅಯ್ಯೋ, ಯಾರೋ ಕೂಸು ಬಿಸಾಕಿ ಹೋಗ್ಯಾರಲ್ಲಪ್ಪೋ’ ಎಂದು ಊರಿಗೆಲ್ಲ ಕೇಳುವಂತೆ ಕೂಗಿ ಎತ್ತಿಕೊಂಡಳಂತೆ. ಮುಂಬಾಗಿಲಿಗೆ ಬಂದು, ‘ತಿಪ್ಪೇಲಿ ಸಿಕ್ಕೈತೆ ಕಣವ್ವಾ, ತಗಂತೀಯಾ?’ ಎಂದಳು. ಒಳಗಿದ್ದ ಬಾಣಂತಿ ತೌಡು ಅಳೆದು ಕೊಟ್ಟು ತನ್ನ ಮಗನನ್ನೇ ಕ್ರಯಕ್ಕೆ ತಗೊಂಡಳು. ಅವತ್ತಿನಿಂದ ಅವನು ತಿಪ್ಪಯ್ಯ.

ಈ ಕಥೆಯನ್ನು ಅಜ್ಜನೇ ಹೇಳುತ್ತಿದ್ದ. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಾ, ‘ನನ್ ಬೆಲೆ ಒಂದು ಮೊರ ತೌಡು ಕಣಲೇ’ ಅನ್ನುವಾಗ ಅವನ ದನಿಯಲ್ಲಿ ಇದ್ದದ್ದು ಹೆಮ್ಮೆ. ಅವ್ವ ತನ್ನನ್ನು ಎಷ್ಟು ಬೇಕು ಅಂದುಕೊಂಡಿದ್ದಳು ಅನ್ನುವುದಕ್ಕೆ ಅವನ ಹತ್ತಿರ ಇದ್ದ ಸಾಕ್ಷಿ ಅದೊಂದೇ, ಹೆಸರು.

ಜವರಾಯನಿಗೆ ಚಂದದ ಮಕ್ಕಳ ಮೇಲೆ, ಮುದ್ದಿನ ಮಕ್ಕಳ ಮೇಲೆ ಕಣ್ಣು. ತಿಪ್ಪೆಯಲ್ಲಿ ಬಿದ್ದದ್ದನ್ನು, ಯಾರಿಗೂ ಬೇಡವಾದದ್ದನ್ನು ಅವನು ಮುಟ್ಟುವುದಿಲ್ಲ. ಮೂರು ಕೂಸು ಕಳಕೊಂಡ ತಾಯಿ ಸಾವಿಗೆ ಸುಳ್ಳು ಹೇಳುತ್ತಿದ್ದಳು: ಇದು ನನ್ನದಲ್ಲ, ಕಸ, ನಿನಗೂ ಬೇಡ, ನಡೆ. ಆ ಸುಳ್ಳನ್ನು ಮಗ ಬದುಕಿರುವಷ್ಟು ಕಾಲವೂ ದಿನಕ್ಕೆ ಹತ್ತು ಸಲ ಕೂಗಿ ಹೇಳಬೇಕು. ‘ತಿಪ್ಪಾ, ಬಾರಲೇ, ಉಣ್ಣು ಬಾ.’

ಇಂಥ ಹೆಸರು ಇದೊಂದೇ ಅಲ್ಲ. ಕಲ್ಲಿನಂತೆ ನಿಲ್ಲಲಿ ಎಂದು ಗುಂಡಪ್ಪ, ಕಲ್ಲಪ್ಪ. ಬೇಡಿ ತಂದ ಕೂಸು ಎಂದು ತಿರುಕಪ್ಪ, ಭಿಕ್ಷಪ್ಪ. ಇನ್ನೂ ಗಟ್ಟಿ ಎದೆಯವರು ಇಟ್ಟದ್ದು ಸುಡುಗಾಡಪ್ಪ. ಗಡಿ ದಾಟಿದರೂ ಇದೇ ಭಯ, ಇದೇ ಉಪಾಯ. ತೆಲುಗರ ಪೆಂಟಯ್ಯನೂ ನಮ್ಮ ತಿಪ್ಪಯ್ಯನೇ, ಪೆಂಟ ಅಂದರೆ ತಿಪ್ಪೆ. ತಮಿಳರ ಕುಪ್ಪುಸ್ವಾಮಿಯ ಹೆಸರಿನಲ್ಲಿ ಕುಪ್ಪೆಯಿದೆ, ಅಂದರೆ ಕಸ. ಮರಾಠಿಯಲ್ಲಿ ಧೋಂಡೋ ಅಂದರೆ ಕಲ್ಲು. ಹೆಣ್ಣುಮಕ್ಕಳ ಓದಿಗಾಗಿ ಜೀವ ತೇದು, ನೂರು ವರ್ಷ ದಾಟಿ ಬದುಕಿದ ಮಹರ್ಷಿ ಕರ್ವೆಯವರ ಹೆಸರು ಧೋಂಡೋ ಕೇಶವ ಕರ್ವೆ. ಭಾಷೆ ಬೇರೆಯಾದರೂ ಇಷ್ಟೊಂದು ತಾಯಂದಿರು ಒಂದೇ ಸುಳ್ಳನ್ನು ಹೇಳಿದ್ದಾರೆ.

ಆದರೆ ತಿಪ್ಪೆ ಬರೀ ಕಸವಾಗಿರಲಿಲ್ಲ. ಪೇಟೆಯ ಕಿವಿಗೆ ಇದು ತಲುಪುವುದಿಲ್ಲ ಎಂಬುದು ನನ್ನ ದೊಡ್ಡ ಸಂಕಟ. ಊರ ಅಂಚಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ತಿಪ್ಪೆಗುಂಡಿ. ದಿನದ ಸಗಣಿ, ಗಂಜಲ ನೆನೆದ ಹುಲ್ಲು, ಒಲೆಯ ಬೂದಿ, ಕಣದ ಹೊಟ್ಟು ಎಲ್ಲ ಅದಕ್ಕೆ. ವರ್ಷವಿಡೀ ಒಳಗೊಳಗೇ ಬೆಂದು, ಯುಗಾದಿಯ ಆಚೀಚೆ ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವ ಹೊತ್ತಿಗೆ ಅದು ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಹೆಣ್ಣು ಕೊಡುವವರು ಮನೆ ನೋಡುವ ಮೊದಲು ತಿಪ್ಪೆಯ ಎತ್ತರ ನೋಡುತ್ತಿದ್ದರು. ತಿಪ್ಪೆ ದೊಡ್ಡದಿದ್ದರೆ ದನ ಹೆಚ್ಚು, ದನ ಹೆಚ್ಚಿದ್ದರೆ ಉಣ್ಣಲಿಕ್ಕೆ ಇದೆ. ದೀಪಾವಳಿಯಲ್ಲಿ ಅವ್ವ ತಿಪ್ಪೆಗೂ ಚೆಂಡುಹೂ ಮುಡಿಸಿ, ಒಂದು ದೀಪ ಹಚ್ಚಿಟ್ಟು ಕೈ ಮುಗಿಯುತ್ತಿದ್ದಳು. ಹಾಗಾಗಿ ಕೂಸನ್ನು ತಿಪ್ಪೆಯಲ್ಲಿಟ್ಟವರು ಸಾವಿಗೆ ಕಸ ಎಂದು ತೋರಿಸುತ್ತಲೇ ಲಕ್ಷ್ಮಿಯ ಮಡಿಲಲ್ಲೇ ಹಾಕಿದ್ದರು. ಒಂದೇ ಮಾತು ಒಬ್ಬರಿಗೆ ಒಂದು ಅರ್ಥ, ಇನ್ನೊಬ್ಬರಿಗೆ ಇನ್ನೊಂದು. ಇಷ್ಟು ಚೆನ್ನಾಗಿ ಕಟ್ಟಿದ ಹೆಸರನ್ನು ನಾನು ಬೇರೆ ನೋಡಿಲ್ಲ.

ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಈ ಹೆಸರಿಗೆ ಇನ್ನೊಂದು ಬಲವಿದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವನ ಮಾತನ್ನು ನಮ್ಮವರು ಬೇಸಾಯದ ಲೆಕ್ಕದಂತೆ ಬಾಯಿಪಾಠ ಮಾಡಿಕೊಂಡಿದ್ದಾರೆ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ನೆಲದಲ್ಲಿ ಕೆರೆ ಕಟ್ಟಿಸಿದ ಪುಣ್ಯಾತ್ಮ ಅವನು. ಇಲ್ಲಿ ಜನ ದೇವರನ್ನು ಗುರುತಿಸುವುದೇ ಹಾಗೆ. ಊರಲ್ಲಿ ಒಳಮಠ, ಹೊರಗೆ ಹೊರಮಠ. ಫಾಲ್ಗುಣದ ಬಿಸಿಲಿನಲ್ಲಿ ತೇರು ಎಳೆಯುವ ದಿನ ಮುಕ್ತಿ ಬಾವುಟದ ಹರಾಜು ಕೂಗುತ್ತಾರೆ. ಹರಕೆ ಹೊತ್ತವರು ಸುಡುವ ಕೊಬ್ಬರಿಯ ಹೊಗೆ ಮೈಗೆ ಹತ್ತಿದರೆ ಮನೆಗೆ ಬಂದು ಮಿಂದರೂ ಎರಡು ದಿನ ಬಿಡುವುದಿಲ್ಲ. ಆ ಹೊಗೆಯಲ್ಲಿ ನಿಂತು, ‘ಗಂಡು ಹುಟ್ಟಿದರೆ ನಿನ್ನ ಹೆಸರು, ಹೆಣ್ಣು ಹುಟ್ಟಿದರೂ ನಿನ್ನ ಹೆಸರು’ ಎಂದು ಹರಸಿಕೊಂಡವರ ಮನೆಗಳಲ್ಲಿ ತಿಪ್ಪೇಸ್ವಾಮಿ, ತಿಪ್ಪೇಶ, ತಿಪ್ಪಣ್ಣ, ತಿಪ್ಪಮ್ಮ ಹುಟ್ಟಿದರು. ರೆಡ್ಡಿಗಳಲ್ಲಿ ತಿಪ್ಪಾರೆಡ್ಡಿ. ನಾನು ಏಳನೇ ತರಗತಿಯಲ್ಲಿದ್ದಾಗ ಒಂದೇ ಕೋಣೆಯಲ್ಲಿ ನಾಲ್ವರು ತಿಪ್ಪೇಸ್ವಾಮಿಗಳಿದ್ದರು. ಮೇಷ್ಟ್ರು ಹಾಜರಿ ಕೂಗುವಾಗ ತಂದೆಯ ಹೆಸರಿನ ಮೊದಲಕ್ಷರ ಸಾಲದೆ, ಊರ ಹೆಸರನ್ನೂ ಸೇರಿಸುತ್ತಿದ್ದರು.

ಇದು ಬಡವರ, ಹಳ್ಳಿಗರ ಹೆಸರು ಎಂದು ಯಾರಾದರೂ ಅಂದರೆ ನನಗೆ ಗೋಪತಿಪ್ಪ ಭೂಪಾಲ ನೆನಪಾಗುತ್ತಾನೆ. 15ನೇ ಶತಮಾನದ ವಿಜಯನಗರದ ಕಾಲದವನು. ವಾಮನನ ಅಲಂಕಾರ ಗ್ರಂಥಕ್ಕೆ ‘ಕಾಮಧೇನು’ ಎಂಬ ವ್ಯಾಖ್ಯಾನವನ್ನೂ, ತಾಳಗಳ ಬಗ್ಗೆ ‘ತಾಳದೀಪಿಕೆ’ಯನ್ನೂ ಬರೆದ ವಿದ್ವಾಂಸ. ತೆಲುಗಿನ ಮಹಾಕವಿ ಶ್ರೀನಾಥ ತನ್ನ ‘ಹರವಿಲಾಸ’ವನ್ನು ಅಂಕಿತ ಮಾಡಿದ್ದು ಅವಚಿ ತಿಪ್ಪಯ್ಯ ಶೆಟ್ಟಿಗೆ. ಅವನು ಕರ್ಪೂರ, ಗಂಧದ್ರವ್ಯಗಳ ದೊಡ್ಡ ವ್ಯಾಪಾರಿ. ಪರಿಮಳ ಮಾರುವವನ ಹೆಸರಿನಲ್ಲೂ ತಿಪ್ಪೆಯಿತ್ತು, ಅವನು ಅದನ್ನು ಬಚ್ಚಿಡಲಿಲ್ಲ. ಹತ್ತಿರದ ಕಾಲಕ್ಕೆ ಬಂದರೆ ಎಚ್. ತಿಪ್ಪೇರುದ್ರಸ್ವಾಮಿ. ಅಕ್ಕಮಹಾದೇವಿಯನ್ನು ‘ಕದಳಿಯ ಕರ್ಪೂರ’ವಾಗಿ ಕಾದಂಬರಿಯಲ್ಲಿ ತಂದವರು, ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ಗೆ 1969ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ದುಡಿದ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ ನಮ್ಮ ಜಿಲ್ಲೆಯವರೇ. ಹಳ್ಳಿಯ ಮನೆಗಳಲ್ಲಿ ಬೇಡವೆಂದು ಬಿದ್ದಿದ್ದ ವಸ್ತುಗಳಿಗೆ ಬೆಲೆ ತಂದ ಕೆಲಸಕ್ಕೆ ಆ ಹೆಸರಿನವರೇ ಕೈ ಹಾಕಿದ್ದನ್ನು ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಈಗ ಈ ಹೆಸರು ಇಡುವವರು ಕಡಿಮೆ. ಹಾಗೆ ಕಡಿಮೆಯಾದದ್ದಕ್ಕೆ ನಾನು ಮೊದಲು ಕೈ ಮುಗಿಯಬೇಕಾದ ಕಾರಣವೂ ಒಂದಿದೆ. ಅಜ್ಜ ಹುಟ್ಟಿದ ಕಾಲದಲ್ಲಿ ಈ ದೇಶದಲ್ಲಿ ಹೆಚ್ಚುಕಡಿಮೆ ಐದು ಕೂಸುಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿತ್ತು. ಅದರಲ್ಲಿ ಎಷ್ಟನ್ನೋ ಒಯ್ದದ್ದು ಧನುರ್ವಾಯು. ಕುಡುಗೋಲಿನಲ್ಲಿ ಕೊಯ್ದ ಹೊಕ್ಕುಳಬಳ್ಳಿಯ ಹಸಿಗಾಯದ ಮೂಲಕ ಅದು ಮೈಯೊಳಗೆ ಹೋಗುತ್ತದೆ, ಅದರ ರೋಗಾಣು ಇರುವುದು ಮಣ್ಣಿನಲ್ಲಿ, ದನದ ಸಗಣಿಯಲ್ಲಿ. ದೊಡ್ಡವನಾದ ಮೇಲೆ ಇದನ್ನು ಓದಿ ತಿಳಿದ ದಿನ ನನಗೆ ಊಟ ಸೇರಲಿಲ್ಲ. ಸಾವಿನಿಂದ ಬಚ್ಚಿಡಲು ಮುತ್ತಜ್ಜಿ ಕೂಸನ್ನು ಕಳಿಸಿದ್ದು ಸಾವು ಕೂತಿದ್ದ ಜಾಗಕ್ಕೇ. ಬಸುರಿಯರಿಗೆ ಹಾಕುವ ಒಂದು ಚುಚ್ಚುಮದ್ದು, ಹೊಸ ಬ್ಲೇಡು, ಆಸ್ಪತ್ರೆಯ ಹೆರಿಗೆ, ಇಷ್ಟರಿಂದ ಆ ಕಾಯಿಲೆ ಹಿಂದೆ ಸರಿಯಿತು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ಹಿಮ್ಮೆಟ್ಟಿಸಿದೆ ಎಂದು 2015ರಲ್ಲಿ ಘೋಷಣೆಯಾಯಿತು. ಕೂಸು ನಿಲ್ಲುತ್ತದೆ ಎಂಬ ಧೈರ್ಯ ಬಂದ ಮೇಲೆ ಯಾವ ತಾಯಿಯೂ ಮಗನನ್ನು ತಿಪ್ಪೆಯಲ್ಲಿ ಇಡಬೇಕಾಗಿಲ್ಲ. ಈ ಕಾರಣಕ್ಕೆ ಹೆಸರು ಹೋಯಿತು ಅನ್ನುವುದಾದರೆ ಹೋಗಲಿ, ನೂರು ಸಲ ಹೋಗಲಿ.

ಆದರೆ ಅದು ಹೋದದ್ದು ಅದೊಂದೇ ಕಾರಣಕ್ಕೆ ಅಲ್ಲ. ಅದನ್ನು ನಾಚಿಕೆ ತಿಂದಿತು.

ಮೊದಲು ಕೆಟ್ಟದ್ದು ತಿಪ್ಪೆ ಎಂಬ ಮಾತು. ಯೂರಿಯಾ ಚೀಲ ಬಂತು, ಟ್ರ್ಯಾಕ್ಟರ್ ಬಂತು, ಕೊಟ್ಟಿಗೆಯ ದನ ಸಂತೆಗೆ ಹೋದವು, ತಿಪ್ಪೆಗುಂಡಿ ಮುಚ್ಚಿ ಸೈಟಾಯಿತು. ಹೊಲಕ್ಕೆ ಹೋಗುವ ತಿಪ್ಪೆ ಮರೆತು, ರಸ್ತೆ ಮೂಲೆಯ ಪ್ಲಾಸ್ಟಿಕ್ ರಾಶಿಗೆ ಜನ ತಿಪ್ಪೆ ಅನ್ನತೊಡಗಿದರು. ಆಮೇಲೆ ಹೆಸರಿನ ಸರದಿ. ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನ ಕಾಲೇಜೊಂದಕ್ಕೆ ಸೇರಿದ ಮೊದಲ ವಾರ ಹೆಸರು ಕೂಗಿದಾಗ ಕೋಣೆಯೆಲ್ಲ ನಕ್ಕಿತಂತೆ. ಪಾಠ ಹೇಳುವವರೂ ನಕ್ಕರಂತೆ. ದೀಪಾವಳಿಗೆ ಊರಿಗೆ ಬಂದವನು ಅಜ್ಜನ ಎದುರು ನಿಂತು, ‘ಯಾಕಿಟ್ರಿ ನಂಗೆ ಈ ಹೆಸರು?’ ಎಂದು ಕೇಳಿದ. ಅಜ್ಜನ ಹೆಸರನ್ನೇ ಅವನಿಗೆ ಇಟ್ಟಿದ್ದರು. ಅಜ್ಜ ಏನೂ ಹೇಳಲಿಲ್ಲ. ಎಲೆ ಚೀಲದ ದಾರ ಬಿಚ್ಚಿದ, ಮತ್ತೆ ಕಟ್ಟಿದ. ಮುಂದೆ ಅವನು ಅಫಿಡವಿಟ್ ಮಾಡಿಸಿ ಹೆಸರು ಬದಲಾಯಿಸಿಕೊಂಡ. ಅವನನ್ನು ನಾನು ದೂರುವುದಿಲ್ಲ. ನಕ್ಕ ಕೋಣೆಯನ್ನು ಇವತ್ತಿಗೂ ಕ್ಷಮಿಸಿಲ್ಲ.

ಹೆಸರು ಬದಲಿಸದವರು ಅದನ್ನು ಮಡಿಚಿಟ್ಟುಕೊಂಡರು. ತಿಪ್ಪೇಸ್ವಾಮಿ ಹೋಗಿ ಟಿ. ಸ್ವಾಮಿ, ತಿಪ್ಪೇರುದ್ರಪ್ಪ ಹೋಗಿ ಟಿ. ರುದ್ರಪ್ಪ. ಊರುಗಳಿಗೂ ಇದೇ ಗತಿ. ಅರ್ಕಾವತಿಗೆ ಅಣೆಕಟ್ಟು ಕಟ್ಟಿ, 1933ರಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಜಾಗ ತಿಪ್ಪಗೊಂಡನಹಳ್ಳಿ. ಈಗ ಎಲ್ಲರ ಬಾಯಲ್ಲೂ ಟಿ. ಜಿ. ಹಳ್ಳಿ. ಒಂದು ರಾಜಧಾನಿಗೆ ದಶಕಗಟ್ಟಲೆ ನೀರು ಕುಡಿಸಿದ ಊರಿನ ತಿಪ್ಪ ಒಂದು ಅಕ್ಷರದ ಹಿಂದೆ ಅಡಗಿ ಕೂತಿದ್ದಾನೆ. ಬೆಂಗಳೂರಿನ ತಿಪ್ಪಸಂದ್ರದ ತಿಪ್ಪ ಮಾತ್ರ ಬಸ್ಸಿನ ಬೋರ್ಡಿನ ಮೇಲೆ ಇನ್ನೂ ಪೂರ್ತಿಯಾಗಿ ಓಡಾಡುತ್ತಾನೆ. ಆ ಬೋರ್ಡು ಕಂಡಾಗ ನಾನು ಒಂದು ಸಲ ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ.

ಹೋದ ವರ್ಷ ನಮ್ಮ ಹೊಲದ ಪೌತಿ ಖಾತೆಗೆ ಓಡಾಡಿದೆ. ಅಜ್ಜ ಹೋಗಿ ಮೂವತ್ತು ವರ್ಷವಾದರೂ ಪಹಣಿಯ 9ನೇ ಕಾಲಮ್ಮಿನಲ್ಲಿ ಅವನ ಹೆಸರೇ ಇತ್ತು. ಅಪ್ಪ ಬದಲಾಯಿಸಲಿಲ್ಲ, ಅಪ್ಪನೂ ಹೋದ. ಕಚೇರಿಯ ಹುಡುಗಿ ಒಳ್ಳೆಯವಳು, ಕೂರಿಸಿ ತಿಳಿಸಿ ಹೇಳಿದಳು: ‘ಇನ್ಮೇಲೆ ನಿಮ್ ಹೆಸ್ರು ಬರುತ್ತೆ ಸರ್, ಅದರ ಮುಂದೆ ಬಿನ್ ಅಂತ ಹಾಕಿ ನಿಮ್ಮ ತಂದೆ ಹೆಸ್ರು.’ ಅಲ್ಲಿಗೆ ಅಜ್ಜನಿಗೆ ಕಾಲಮ್ಮಿಲ್ಲ. ರುಜು ಹಾಕುವ ಮೊದಲು ಹಳೆಯ ಪಹಣಿಯದೊಂದು ಪ್ರತಿ ತೆಗೆಸಿಕೊಂಡೆ. ಅದು ಅವ್ವನ ಟ್ರಂಕಿನಲ್ಲಿ, ಅಜ್ಜನ ಎಲೆ ಚೀಲದ ಜೊತೆಗಿದೆ.

ನನ್ನ ಮೊಮ್ಮಗನಿಗೆ ಇಟ್ಟ ಹೆಸರು ಚಂದವಾಗಿದೆ, ಎರಡೇ ಅಕ್ಷರ. ಆಸ್ಪತ್ರೆಯಲ್ಲಿ ಹುಟ್ಟಿದ, ಗುಂಡುಗುಂಡಗಿದ್ದಾನೆ, ನಿಂತಿದ್ದಾನೆ. ಅವನನ್ನು ಎತ್ತಿಕೊಂಡಾಗ ಬೇರೆ ಏನೂ ಬೇಕೆನಿಸುವುದಿಲ್ಲ.

ಮೊನ್ನೆ ಮುಂಗಾರು ಹಿಡಿದ ರಾತ್ರಿ ಹತ್ತು ಗಂಟೆಗೆ ಫೋನು ಬಂತು. ನಮ್ಮ ಹೊಲವನ್ನು ಪಾಲಿಗೆ ಮಾಡುತ್ತಿರುವ ಹುಡುಗ. ಇನ್ನೂ ಮೂವತ್ತು ತುಂಬಿಲ್ಲ, ಅಜ್ಜನನ್ನು ನೋಡಿದವನಲ್ಲ. ಹಿಂದೆ ಮಳೆಯ ಸದ್ದು, ನಾಯಿ ಬೊಗಳುವುದು ಕೇಳುತ್ತಿತ್ತು.

‘ಅಣ್ಣಾ, ತಿಪ್ಪಯ್ಯನ ಹೊಲಕ್ಕೆ ಹದ ಮಳೆ ಆಗೈತೆ ಕಣಣ್ಣಾ. ನಾಳೆ ಶೇಂಗಾ ಹಾಕ್ಲಾ?’